‘ಮಗು ಯಾರದು?’: ಈ ಪ್ರಶ್ನೆ ಬದಲಾಗಲು ಹಿಡಿದ 180 ವರ್ಷ

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುವ ಗಾದೆ ನಮಗೆಲ್ಲ ಗೊತ್ತು. ಆದರೆ ಜಗಳ ಹರಿಯದೆ ಇಬ್ಬರೂ ಬೇರೆ ಬೇರೆ ಮನೆ ಸೇರಿದ ಮೇಲೆ ಆ ಕೂಸು ಎಲ್ಲಿರಬೇಕು?

ನಮ್ಮ ಹಳ್ಳಿಗಳಲ್ಲಿ ಈ ಮಾತು ಕೋರ್ಟಿಗೆ ಹೋಗುವ ಮೊದಲು ಹಿರಿಯರ ಮುಂದೆ ಬರುತ್ತದೆ. ಎರಡೂ ಕಡೆಯವರು ಕೂರುತ್ತಾರೆ. ಒಡವೆ, ಪಾತ್ರೆ, ಮದುವೆ ಖರ್ಚು ಎಲ್ಲದರ ಲೆಕ್ಕ ಆಗುತ್ತದೆ. ಆ ಲೆಕ್ಕದ ಕೊನೆಗೆ ಮಗುವಿನ ಮಾತು ಬರುತ್ತದೆ. "ನಮ್ಮ ವಂಶದ ಕುಡಿ, ನಮ್ಮ ಮನೇಲೇ ಇರ್ಲಿ" ಅಂತ ಅಪ್ಪನ ಕಡೆಯವರು. "ಹೆತ್ತವಳು ನಮ್ಮ ಹುಡುಗಿ, ಮಗು ನಮ್ದು" ಅಂತ ತಾಯಿ ಕಡೆಯವರು. ಕೊನೆಗೆ ಒಂದು ಛಾಪಾ ಕಾಗದದ ಮೇಲೆ ಬರೆದು, ಇಬ್ಬರಿಂದಲೂ ಸಹಿ ಹಾಕಿಸಿ ಎದ್ದುಬಿಡುತ್ತಾರೆ.

ಎರಡೂ ಕಡೆಯವರು ಕೇಳುತ್ತಿರುವುದು ಒಂದೇ ಪ್ರಶ್ನೆ: ಮಗು ಯಾರದು? ಒಂದು ಕಾಲಕ್ಕೆ ಕಾನೂನೂ ಇದನ್ನೇ ಕೇಳುತ್ತಿತ್ತು. ಈಗ ಕೇಳುವುದು ಬೇರೆ ಪ್ರಶ್ನೆ: ಮಗುವಿಗೆ ಯಾವುದು ಒಳ್ಳೆಯದು? ಮೊದಲ ಪ್ರಶ್ನೆಯಿಂದ ಎರಡನೆಯದಕ್ಕೆ ಬರಲು 180 ವರ್ಷ ಹಿಡಿಯಿತು. ಆ ಕಥೆ ತಿಳಿದರೆ, ಹಿರಿಯರ ಮುಂದೆ ಬರೆಯುವ ಕಾಗದಕ್ಕೆ ಎಷ್ಟು ಬೆಲೆ ಅನ್ನುವುದೂ ತಿಳಿಯುತ್ತದೆ.

ಮಕ್ಕಳನ್ನು ಕಳೆದುಕೊಂಡ ಇಂಗ್ಲೆಂಡಿನ ತಾಯಿ

ಕಥೆ ಶುರುವಾಗುವುದು ಇಂಗ್ಲೆಂಡಿನಲ್ಲಿ. ನಮ್ಮ ಇವತ್ತಿನ ಕಾನೂನಿನ ಬುನಾದಿ ಹಾಕಿದವರು ಬ್ರಿಟಿಷರು. ಹಾಗಾಗಿ ಅವರ ಊರಿನಲ್ಲಿ ಆಗ ಏನು ನಡೆಯುತ್ತಿತ್ತು ಅನ್ನುವುದನ್ನು ನೋಡಲೇಬೇಕು.

ಅಲ್ಲಿ 1830ರ ದಶಕದಲ್ಲಿ, ಮದುವೆಯಾದ ದಂಪತಿಗೆ ಹುಟ್ಟಿದ ಮಗು ಪೂರ್ತಿ ಅಪ್ಪನದು. ತಾಯಿಗೆ ಹಕ್ಕೇ ಇರಲಿಲ್ಲ. ಅಪ್ಪ ಮಗುವನ್ನು ಎಲ್ಲಿ ಬೇಕಾದರೂ ಇಡಬಹುದಿತ್ತು, ತಾಯಿಗೆ ಮುಖ ತೋರಿಸದೆಯೂ ಇರಬಹುದಿತ್ತು.

ಕ್ಯಾರೊಲಿನ್ ನಾರ್ಟನ್ ಅನ್ನುವ ಲೇಖಕಿಗೆ ಆದದ್ದು ಇದೇ. 1827ರಲ್ಲಿ ಅವಳ ಮದುವೆಯಾಯಿತು. ಗಂಡ ವಕೀಲ, ಪಾರ್ಲಿಮೆಂಟ್ ಸದಸ್ಯನೂ ಆಗಿದ್ದವನು, ಹೊಡೆಯುವ ಸ್ವಭಾವದವನು. ಮೂವರು ಗಂಡು ಮಕ್ಕಳಾದರು. 1836ರಲ್ಲಿ ಸಂಸಾರ ಮುರಿದಾಗ ಗಂಡ ಮೂವರನ್ನೂ ಅವಳಿಂದ ದೂರ ಸಾಗಿಸಿಬಿಟ್ಟ. ಕೇಳಲು ಹೋದರೆ ಕಾನೂನು ಗಂಡನ ಕಡೆಗೇ ಇತ್ತು.

ಅವಳು ಸುಮ್ಮನೆ ಕೂರಲಿಲ್ಲ. ಕಿರುಪುಸ್ತಕಗಳನ್ನು ಬರೆದು ಹಂಚಿದಳು. ಪಾರ್ಲಿಮೆಂಟ್ ಸದಸ್ಯರನ್ನು ಒಪ್ಪಿಸಲು ಓಡಾಡಿದಳು. ಥಾಮಸ್ ಟಾಲ್ಫೋರ್ಡ್ ಅನ್ನುವ ಸದಸ್ಯ ಮಸೂದೆ ತಂದ. 1839ರಲ್ಲಿ ಕಾಯ್ದೆಯಾಯಿತು. ಏಳು ವರ್ಷದೊಳಗಿನ ಮಗುವನ್ನು ತನ್ನ ಹತ್ತಿರ ಇರಿಸಿಕೊಳ್ಳಲು ತಾಯಿ ಕೋರ್ಟನ್ನು ಕೇಳಬಹುದು, ಅದಕ್ಕಿಂತ ದೊಡ್ಡ ಮಕ್ಕಳನ್ನು ನೋಡಲು ಅವಕಾಶ ಕೇಳಬಹುದು ಅಂತ ಆ ಕಾಯ್ದೆ ಹೇಳಿತು. ನಡತೆ ಸರಿಯಿಲ್ಲ ಅಂತ ಕೋರ್ಟು ತೀರ್ಮಾನಿಸಿದ ತಾಯಿಗೆ ಈ ಅವಕಾಶವೂ ಇರಲಿಲ್ಲ.

ಇವತ್ತು ನಾವು "ಭೇಟಿಯ ಹಕ್ಕು" ಅನ್ನುತ್ತೇವಲ್ಲ, ಅದರ ಬೇರು ಇಲ್ಲಿದೆ. ಮಗು ಒಬ್ಬರ ಮನೆಯಲ್ಲಿದ್ದರೂ ಇನ್ನೊಬ್ಬರು ನೋಡಬಹುದು ಅನ್ನುವ ಮಾತು ಕಾಯ್ದೆಯ ಪುಸ್ತಕಕ್ಕೆ ಬಂತು.

ಆದರೆ ಕ್ಯಾರೊಲಿನ್‌ಗೆ ಅದರಿಂದ ಉಪಯೋಗವಾಗಲಿಲ್ಲ. ಅವಳ ಮಕ್ಕಳು ಸ್ಕಾಟ್ಲೆಂಡಿನಲ್ಲಿದ್ದರು. ಇಂಗ್ಲೆಂಡಿನ ಈ ಕಾಯ್ದೆ ಅಲ್ಲಿ ನಡೆಯುತ್ತಿರಲಿಲ್ಲ. 1842ರಲ್ಲಿ ಕಿರಿಯ ಮಗ ಕುದುರೆಯಿಂದ ಬಿದ್ದು ಗಾಯಗೊಂಡು ತೀರಿಕೊಂಡ. ಅವಳು ಹೋಗಿ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

1890: ಕಾಯ್ದೆ ಇಲ್ಲಿಗೆ ಬಂತು

ಬ್ರಿಟಿಷ್ ಸರ್ಕಾರ 1890ರಲ್ಲಿ ಭಾರತಕ್ಕೆ ಒಂದು ಕಾಯ್ದೆ ಮಾಡಿತು. ಹೆಸರು ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ. ಗಾರ್ಡಿಯನ್ ಅಂದರೆ ಮಗುವಿನ ಮತ್ತು ಅದರ ಆಸ್ತಿಯ ಹೊಣೆ ಹೊತ್ತವರು. ಬಾಂಬೆ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರದ ಕಡೆಗೂ, ಮದ್ರಾಸಿಗೆ ಸೇರಿದ್ದ ಮಂಗಳೂರು, ಬಳ್ಳಾರಿ ಕಡೆಗೂ ಇದು ಅನ್ವಯಿಸಿತು. ನೂರಮೂವತ್ತು ವರ್ಷ ದಾಟಿದರೂ ಈ ಕಾಯ್ದೆ ಇನ್ನೂ ಜಾರಿಯಲ್ಲಿದೆ. ಯಾವ ಧರ್ಮದವರಾದರೂ ಇದರಡಿ ಅರ್ಜಿ ಹಾಕಬಹುದು.

ಆ ಕಾಯ್ದೆಯಲ್ಲಿ ಎರಡು ಮುಖ ಇದ್ದವು. 17ನೇ ಕಲಂ ಮಗುವಿನ ಹಿತ ನೋಡಬೇಕು ಅನ್ನುತ್ತಿತ್ತು. ಮಗುವಿನ ವಯಸ್ಸು, ಗಂಡೋ ಹೆಣ್ಣೋ, ಧರ್ಮ, ಗಾರ್ಡಿಯನ್ ಆಗಲು ಬಂದವರ ಗುಣ, ಮಗುವಿಗೂ ಅವರಿಗೂ ಇರುವ ನಂಟು ಎಲ್ಲ ನೋಡಬೇಕು. ತಿಳಿವಳಿಕೆ ಬಂದ ಮಗುವಾದರೆ ಅದರ ಇಷ್ಟವನ್ನೂ ಕೇಳಬಹುದು.

ಆದರೆ 19ನೇ ಕಲಂ ಬೇರೆ ಮಾತು ಆಡುತ್ತಿತ್ತು. ಅಪ್ಪ ಬದುಕಿದ್ದು, ಅವನು ಅಯೋಗ್ಯ ಅಂತ ಕೋರ್ಟಿಗೆ ಅನಿಸದಿದ್ದರೆ, ಮಗುವಿಗೆ ಬೇರೆ ಗಾರ್ಡಿಯನ್ ನೇಮಿಸುವಂತಿಲ್ಲ. ಮದುವೆಯಾದ ಬಾಲಕಿಗೆ ಗಂಡ ಇದ್ದರೆ ಅಲ್ಲಿಯೂ ಹೀಗೆಯೇ. ಅಂದರೆ ಹೆಣ್ಣುಮಗು ಅಪ್ಪನ ಕೈಯಿಂದ ಗಂಡನ ಕೈಗೆ. ನಡುವೆ ತಾಯಿಯ ಹೆಸರು ಎಲ್ಲೂ ಇಲ್ಲ.

ಮದನಪಲ್ಲಿಯ ಹುಡುಗರ ಮೊಕದ್ದಮೆ

ಈ ಕಾಯ್ದೆ ಬಂದ ಮೇಲೆ ದೇಶವೆಲ್ಲ ಮಾತಾಡಿಕೊಂಡ ಒಂದು ಮೊಕದ್ದಮೆ ನಮ್ಮ ನೆರೆಯಲ್ಲೇ ನಡೆಯಿತು. ಕೋಲಾರ ಜಿಲ್ಲೆಯ ಆಚೆ, ಆಂಧ್ರದಲ್ಲಿ ಮದನಪಲ್ಲಿ ಇದೆ. ಅಲ್ಲಿ 1895ರಲ್ಲಿ ಹುಟ್ಟಿದವರು ಮುಂದೆ ಚಿಂತಕರಾಗಿ ಜಗತ್ತಿಗೆ ಪರಿಚಯವಾದ ಜೆ. ಕೃಷ್ಣಮೂರ್ತಿ. ತಾಯಿ 1905ರಲ್ಲಿ ತೀರಿಕೊಂಡಿದ್ದರು. ತಂದೆ ನಾರಾಯಣಯ್ಯ ಕಂದಾಯ ಇಲಾಖೆಯಿಂದ ನಿವೃತ್ತರಾಗಿ, ಮಕ್ಕಳೊಂದಿಗೆ ಮದ್ರಾಸಿನ ಅಡ್ಯಾರಿಗೆ ಬಂದು ಥಿಯಾಸಾಫಿಕಲ್ ಸೊಸೈಟಿಯಲ್ಲಿ ಕೆಲಸಕ್ಕೆ ಸೇರಿದರು.

ಅಲ್ಲಿನ ಮುಖ್ಯಸ್ಥೆ ಆನಿ ಬೆಸೆಂಟ್. ಕೃಷ್ಣಮೂರ್ತಿ ಮುಂದೆ ಲೋಕಗುರು ಆಗುವವನು ಅಂತ ಸೊಸೈಟಿಯವರು ನಂಬಿದರು. 1910ರಲ್ಲಿ ನಾರಾಯಣಯ್ಯ ಒಂದು ಕಾಗದ ಬರೆದು ಕೃಷ್ಣಮೂರ್ತಿ ಮತ್ತು ತಮ್ಮ ನಿತ್ಯಾನಂದನ ಜವಾಬ್ದಾರಿಯನ್ನು ಬೆಸೆಂಟ್ ಅವರಿಗೆ ಒಪ್ಪಿಸಿದರು. ಆಮೇಲೆ ಮನಸ್ಸು ಬದಲಾಯಿತು. ಮಕ್ಕಳನ್ನು ವಾಪಸ್ ಕೊಡಿ ಅಂತ 1912ರಲ್ಲಿ ದಾವೆ ಹೂಡಿದರು. ಅಷ್ಟರಲ್ಲಿ ಹುಡುಗರು ಇಂಗ್ಲೆಂಡಿನಲ್ಲಿದ್ದರು.

ಮದ್ರಾಸ್ ಹೈಕೋರ್ಟ್ 1913ರಲ್ಲಿ ತಂದೆಯ ಪರ ತೀರ್ಪು ಕೊಟ್ಟಿತು. ಬೆಸೆಂಟ್ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಹೋದರು. ಆಗ ಭಾರತದ ಮೊಕದ್ದಮೆಗಳಿಗೆ ಕೊನೆಯ ಕೋರ್ಟು ಅದೇ. 1914ರ ಮೇ ತಿಂಗಳಲ್ಲಿ ಅಲ್ಲಿ ಬೆಸೆಂಟ್ ಗೆದ್ದರು.

ಗೆದ್ದವರು ಯಾರು ಅನ್ನುವುದಕ್ಕಿಂತ ಆ ತೀರ್ಪಿನಲ್ಲಿದ್ದ ಮೂರು ಮಾತು ನಮಗೆ ಮುಖ್ಯ. ಒಂದು, ಪಾಲಕತ್ವ ಅನ್ನುವುದು ಒಂದು ಪವಿತ್ರ ಹೊಣೆ, ಅಪ್ಪ ಅದನ್ನು ಕಾಗದ ಬರೆದು ಕಾಯಮ್ಮಾಗಿ ಬೇರೆಯವರಿಗೆ ದಾಟಿಸಲು ಆಗದು. ಒಪ್ಪಿಸಿದ್ದನ್ನು ವಾಪಸ್ ಪಡೆಯಬಹುದು. ಎರಡು, ಮಕ್ಕಳು ಎಲ್ಲಿ ವಾಸವಾಗಿದ್ದಾರೋ ಅಲ್ಲಿಯ ಕೋರ್ಟಿಗೆ ಹೋಗಬೇಕು. ಮೂರು, ಬೆಳೆದ ಹುಡುಗರ ವಿಷಯ ತೀರ್ಮಾನಿಸುವಾಗ ಅವರ ಇಷ್ಟವನ್ನು ತಿಳಿಯಬೇಕು. ಮಗುವಿನ ಮಾತೂ ಲೆಕ್ಕಕ್ಕೆ ಬರುತ್ತದೆ ಅನ್ನುವುದು ದೇಶಕ್ಕೆ ಗೊತ್ತಾಯಿತು.

ಕರಾವಳಿಯ ಲೆಕ್ಕವೇ ಬೇರೆ

ಮಗು ಅಪ್ಪನದು ಅನ್ನುವುದು ನಮ್ಮ ನಾಡಿನಲ್ಲಿ ಎಲ್ಲ ಕಡೆ ಇದ್ದ ಪದ್ಧತಿಯಲ್ಲ. ತುಳುನಾಡಿನಲ್ಲಿ ಬಂಟರು, ಬಿಲ್ಲವರು, ಮೊಗವೀರರು ಮೊದಲಾದವರಲ್ಲಿ ಅಳಿಯಸಂತಾನ ಕಟ್ಟು ಇತ್ತು. ಅಲ್ಲಿ ಮಗು ತಾಯಿಯ ಕುಟುಂಬಕ್ಕೆ ಸೇರಿದ್ದು. ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತಿತ್ತು. ಮಕ್ಕಳ ಯಜಮಾನಿಕೆಯಲ್ಲಿ ಸೋದರಮಾವನ ಮಾತು ದೊಡ್ಡದು. ಗಂಡ ಹೆಂಡತಿ ಬೇರೆಯಾದರೂ ಮಗು ತಾಯಿಯ ಕುಟುಂಬದ್ದೇ.

ಮುಸ್ಲಿಮರಲ್ಲಿಯೂ ಹಿಂದಿನಿಂದ ಒಂದು ಕ್ರಮ ಇದೆ. ಹನಫಿ ಪದ್ಧತಿಯಂತೆ ಗಂಡು ಮಗು ಏಳು ವರ್ಷದವರೆಗೆ, ಹೆಣ್ಣು ಮಗು ಮೈನೆರೆಯುವವರೆಗೆ ತಾಯಿಯ ಆರೈಕೆಯಲ್ಲಿರಬೇಕು. ಇದನ್ನು ಹಿಜಾನತ್ ಅನ್ನುತ್ತಾರೆ. ಆಸ್ತಿಯ ಪಾಲಕತ್ವ ಮಾತ್ರ ಅಪ್ಪನದು.

ಹಾಗಾಗಿ "ಹಿಂದಿನಿಂದ ಬಂದದ್ದು, ಮಗು ಅಪ್ಪನ ಮನೆಯದೇ" ಅಂತ ಯಾರಾದರೂ ಹೇಳಿದರೆ, ಯಾವ ಊರಿನ ಯಾವ ಮನೆತನದ ಹಿಂದಿನದು ಅಂತ ಕೇಳಬೇಕಾಗುತ್ತದೆ.

1956: ಅಪ್ಪ, ಅವನ ಆಮೇಲೆ ಅಮ್ಮ

ಸ್ವಾತಂತ್ರ್ಯದ ನಂತರ ಹಿಂದೂಗಳಿಗೆ ಹೊಸ ಕಾಯ್ದೆಗಳು ಬಂದವು. 1955ರ ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ, ಗಂಡ ಹೆಂಡತಿಯ ಮೊಕದ್ದಮೆ ನಡೆಯುವಾಗಲೇ ಮಗುವಿನ ಸುಪರ್ದಿ, ಖರ್ಚು, ಓದಿನ ಬಗ್ಗೆ ಆದೇಶ ಮಾಡುವ ಅಧಿಕಾರವನ್ನು ಕೋರ್ಟಿಗೆ ಕೊಟ್ಟಿತು. ಸಾಧ್ಯವಾದ ಕಡೆ ಮಗುವಿನ ಇಷ್ಟವನ್ನೂ ನೋಡಬೇಕು ಅಂದಿತು. ಆ ಆದೇಶವನ್ನು ಮುಂದೆ ಬದಲಿಸಲೂಬಹುದು.

1956ರಲ್ಲಿ ಹಿಂದೂ ಅಪ್ರಾಪ್ತರ ಮತ್ತು ಪಾಲಕತ್ವದ ಕಾಯ್ದೆ ಬಂತು. ಇದರ 6ನೇ ಕಲಂ ಪ್ರಕಾರ ಮಗುವಿನ ಸಹಜ ಪಾಲಕ ಅಪ್ಪ, ಅವನ ಆಮೇಲೆ ಅಮ್ಮ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ಅಮ್ಮನ ಹತ್ತಿರವೇ ಇರಬೇಕು. ಕರಾವಳಿಯ ಅಳಿಯಸಂತಾನದವರಿಗೂ ಇದೇ ಕಾಯ್ದೆ. ಸೋದರಮಾವನ ಜಾಗಕ್ಕೆ ಅಪ್ಪ ಬಂದ.

ಅದೇ ಕಾಯ್ದೆಯ 13ನೇ ಕಲಂ, ಎಲ್ಲಕ್ಕಿಂತ ಮಿಗಿಲಾದದ್ದು ಮಗುವಿನ ಹಿತ ಅನ್ನುತ್ತದೆ. ಮುಂದಿನ ಐವತ್ತು ಅರವತ್ತು ವರ್ಷ ಕೋರ್ಟುಗಳು ಈ 13ನೇ ಕಲಮನ್ನು ಹಿಡಿದು 6ನೇ ಕಲಮನ್ನು ಸಡಿಲ ಮಾಡುತ್ತಾ ಬಂದವು.

1970ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು ಜಮೀನಿನ ಗೇಣಿಯ ವಿಷಯ. ಗಂಡ ಹೆಂಡತಿ ಬೇರೆಯಾಗಿ ಇಪ್ಪತ್ತಕ್ಕೂ ಹೆಚ್ಚು ವರ್ಷವಾಗಿತ್ತು. ಮಗಳನ್ನು ಸಾಕಿದ್ದು, ಅವಳ ಹೊಲ ನೋಡಿಕೊಂಡದ್ದು, ಗೇಣಿಗೆ ಕೊಟ್ಟದ್ದು ತಾಯಿ. ಅಪ್ಪ ಬದುಕಿರುವಾಗ ತಾಯಿ ಮಾಡಿಕೊಟ್ಟ ಗೇಣಿ ನಡೆಯುತ್ತದೆಯೇ ಅನ್ನುವುದು ಪ್ರಶ್ನೆ. ಮಗಳ ಕಡೆ ತಿರುಗಿಯೂ ನೋಡದ ಅಪ್ಪ ಇದ್ದೂ ಇಲ್ಲದಂತೆ, ಇಲ್ಲಿ ತಾಯಿಯೇ ಸಹಜ ಪಾಲಕಿ ಅಂದಿತು ಕೋರ್ಟು.

1973ರ ಇನ್ನೊಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಮತ್ತೂ ಸ್ಪಷ್ಟವಾಗಿ ಹೇಳಿತು: ಮಕ್ಕಳು ಅಪ್ಪ ಅಮ್ಮನ ಸಾಮಾನು ಸರಂಜಾಮಲ್ಲ, ಆಟಿಕೆಯೂ ಅಲ್ಲ.

1984ರಲ್ಲಿ ಕುಟುಂಬ ನ್ಯಾಯಾಲಯಗಳ ಕಾಯ್ದೆ ಬಂತು. ಮನೆಯ ಜಗಳವನ್ನು ಆಸ್ತಿ ಜಗಳದ ಹಾಗೆ ನಡೆಸಬಾರದು, ಮೊದಲು ಕೂರಿಸಿ ಮಾತಾಡಿಸಬೇಕು, ಆಪ್ತಸಲಹೆಗಾರರು ಇರಬೇಕು ಅನ್ನುವುದು ಅದರ ಉದ್ದೇಶ.

‘ಆಮೇಲೆ’ ಅನ್ನುವ ಒಂದು ಪದ

"ಅಪ್ಪ, ಅವನ ಆಮೇಲೆ ಅಮ್ಮ" ಅನ್ನುವ ಮಾತು ಪುಸ್ತಕದಲ್ಲಿ ಹಾಗೇ ಉಳಿದಿತ್ತು. ಆಮೇಲೆ ಅಂದರೆ ಯಾವಾಗ? ಅಪ್ಪ ಸತ್ತ ಮೇಲೆಯೇ?

ಲೇಖಕಿ ಗೀತಾ ಹರಿಹರನ್ 1984ರಲ್ಲಿ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡ್ ಕೊಳ್ಳಲು ಅರ್ಜಿ ಹಾಕಿದರು. ಗಾರ್ಡಿಯನ್ ಜಾಗದಲ್ಲಿ ತಾಯಿಯ ಹೆಸರು. ಗಂಡನೂ ಒಪ್ಪಿದ್ದರು. ಬ್ಯಾಂಕು ಒಪ್ಪಲಿಲ್ಲ. ಅಪ್ಪನ ಸಹಿ ಬೇಕು, ಇಲ್ಲವೇ ತಾಯಿಯೇ ಗಾರ್ಡಿಯನ್ ಅಂತ ಪ್ರಮಾಣಪತ್ರ ತನ್ನಿ ಅಂದಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು. ಮಗನ ಸುಪರ್ದಿಯ ವಿಷಯದಲ್ಲಿ ಪರಿಸರ ಹೋರಾಟಗಾರ್ತಿ ವಂದನಾ ಶಿವ ಹಾಕಿದ್ದ ಅರ್ಜಿಯೂ ಜೊತೆಗೆ ವಿಚಾರಣೆಗೆ ಬಂತು.

1999ರ ಫೆಬ್ರವರಿ 17ರಂದು ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಆಮೇಲೆ ಅಂದರೆ ಅಪ್ಪ ಸತ್ತ ಮೇಲೆ ಅಂತಲ್ಲ, ಅಪ್ಪನ ಗೈರುಹಾಜರಿಯಲ್ಲಿ ಅಂತ ಅರ್ಥ. ಅಪ್ಪ ದೂರ ಇದ್ದರೆ, ಮಗುವನ್ನು ನೋಡಿಕೊಳ್ಳದಿದ್ದರೆ, ಇಬ್ಬರೂ ಒಪ್ಪಿ ತಾಯಿಗೆ ಹೊಣೆ ಬಿಟ್ಟಿದ್ದರೆ, ಕಾಯಿಲೆಯಿಂದ ಅಪ್ಪನಿಗೆ ಆಗದಿದ್ದರೆ ತಾಯಿ ಸಹಜ ಪಾಲಕಿಯಾಗಿ ನಡೆದುಕೊಳ್ಳಬಹುದು.

ಪದ ಅಳಿಯಲಿಲ್ಲ, ಅರ್ಥ ಬದಲಾಯಿತು. 2010ರಲ್ಲಿ ಸಂಸತ್ತು 1890ರ ಕಾಯ್ದೆಯ 19ನೇ ಕಲಮಿಗೆ ಅಪ್ಪನ ಜೊತೆ ಅಮ್ಮನನ್ನೂ ಸೇರಿಸಿತು. ತಾಯಿಯ ಹೆಸರು ಅಲ್ಲಿಗೆ ಬರಲು 120 ವರ್ಷ ಬೇಕಾಯಿತು. 1956ರ ಕಾಯ್ದೆಯ ಮಾತು ಹಾಗೇ ಉಳಿಯಿತು. ಇಬ್ಬರನ್ನೂ ಸಮಾನ ಪಾಲಕರೆಂದು ಬರೆಯಬೇಕು, ಇಬ್ಬರಿಗೂ ಜಂಟಿ ಸುಪರ್ದಿ ಕೊಡಲು ಕಾನೂನಿನಲ್ಲಿ ದಾರಿ ಮಾಡಬೇಕು ಅಂತ ಕಾನೂನು ಆಯೋಗ 2015ರ ತನ್ನ 257ನೇ ವರದಿಯಲ್ಲಿ ಶಿಫಾರಸು ಮಾಡಿತು.

ಎರಡು ಮನೆಯ ಮಗು

ಇಲ್ಲಿಯವರೆಗಿನ ಕಥೆ ಹೆಚ್ಚಾಗಿ ತಾಯಂದಿರದು. ಈಗ ಇನ್ನೊಂದು ಪ್ರಶ್ನೆ ಎದ್ದಿದೆ. ಮಗು ತಾಯಿಯ ಹತ್ತಿರ ಇದ್ದರೆ ಅಪ್ಪನಿಗೆ ಏನು? ತಿಂಗಳಿಗೊಮ್ಮೆ ಕೋರ್ಟಿನ ಆವರಣದಲ್ಲಿ ಒಂದು ತಾಸು ಮಗುವನ್ನು ನೋಡಿದರೆ ಸಾಕೇ? ಅಷ್ಟರಲ್ಲಿ ಮಗುವಿಗೆ ಅಪ್ಪ ಅನ್ನುವವನು ಅರ್ಥವಾಗುತ್ತಾನೆಯೇ?

ಈ ಪ್ರಶ್ನೆಗೆ ನಮ್ಮ ಕರ್ನಾಟಕ ಹೈಕೋರ್ಟ್ 2013ರ ಸೆಪ್ಟೆಂಬರ್‌ನಲ್ಲಿ ಒಂದು ಪ್ರಕರಣದಲ್ಲಿ ಉತ್ತರ ಕೊಟ್ಟಿತು. ಮಗು ಜನವರಿಯಿಂದ ಜೂನ್‌ವರೆಗೆ ಅಪ್ಪನ ಹತ್ತಿರ, ಜುಲೈಯಿಂದ ಡಿಸೆಂಬರ್‌ವರೆಗೆ ಅಮ್ಮನ ಹತ್ತಿರ. ಒಬ್ಬರ ಹತ್ತಿರ ಇದ್ದಾಗ ಶನಿವಾರ, ಭಾನುವಾರ ಇನ್ನೊಬ್ಬರು ಭೇಟಿಯಾಗಬಹುದು. ಓದಿನ ಮತ್ತು ಇತರ ಖರ್ಚು ಇಬ್ಬರದೂ ಸಮಪಾಲು. ಫೋನಿನಲ್ಲಿ, ವಿಡಿಯೋದಲ್ಲಿ ಮಗು ಇನ್ನೊಬ್ಬರ ಜೊತೆ ಮಾತಾಡಲು ಬಿಡಬೇಕು. ಕಾನೂನು ಆಯೋಗವೂ ತನ್ನ ವರದಿಯಲ್ಲಿ ಈ ತೀರ್ಪನ್ನು ಎತ್ತಿ ಹೇಳಿತು.

ಈ ಏರ್ಪಾಡು ಎಲ್ಲ ಮಕ್ಕಳಿಗೂ ಒಗ್ಗುವುದಿಲ್ಲ. ಅಪ್ಪನ ಊರು ಸಿಂಧನೂರು, ಅಮ್ಮನ ಊರು ಸಕಲೇಶಪುರ ಆದರೆ ಆರು ತಿಂಗಳಿಗೊಮ್ಮೆ ಶಾಲೆ ಬದಲಿಸಲು ಆಗುತ್ತದೆಯೇ? ಹೊಡೆತ ಬಡಿತ ನಡೆದ ಮನೆಯಾದರೆ ಲೆಕ್ಕವೇ ಬೇರೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ನೊಂದ ಹೆಂಗಸು ಮಗುವಿನ ತಾತ್ಕಾಲಿಕ ಸುಪರ್ದಿ ಕೇಳಬಹುದು. ಭೇಟಿಯಿಂದ ಮಗುವಿಗೆ ಅಪಾಯ ಇದ್ದರೆ ಮ್ಯಾಜಿಸ್ಟ್ರೇಟ್ ಭೇಟಿಯನ್ನೂ ತಡೆಯಬಹುದು.

2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಅಪ್ಪ ಅಮ್ಮ ಇಬ್ಬರ ಪ್ರೀತಿಯೂ ಮಗುವಿನ ಹಕ್ಕು ಅಂದಿತು. ಒಬ್ಬರ ಹತ್ತಿರ ಮಗು ಇದ್ದರೆ ಇನ್ನೊಬ್ಬರನ್ನು ಭೇಟಿ ಮಾಡಿಸಬೇಕು, ದೂರವಾದರೆ ಫೋನು ಅಥವಾ ವಿಡಿಯೋ ಕರೆಯಲ್ಲಾದರೂ ಮಾತಾಡಿಸಬೇಕು. 1839ರಲ್ಲಿ ಭೇಟಿ ಅನ್ನುವುದು ಬೇಡಿ ಪಡೆಯುವ ತಾಯಿಯ ಅವಕಾಶವಾಗಿತ್ತು. ಈಗ ಅದು ಮಗುವಿನ ಹಕ್ಕು.

ಹಿರಿಯರ ಮುಂದೆ ಬರೆದ ಕಾಗದ

ಈಗ ಆ ಛಾಪಾ ಕಾಗದಕ್ಕೆ ಬರೋಣ. "ಮಗು ಅಪ್ಪನ ಮನೆಯಲ್ಲಿರತಕ್ಕದ್ದು, ತಾಯಿ ಇನ್ನು ಮುಂದೆ ನೋಡಲು ಬರತಕ್ಕದ್ದಲ್ಲ" ಅಂತ ಬರೆದು ಸಹಿ ಹಾಕಿಸಿದರೆ ಏನಾಗುತ್ತದೆ? ಅದು ಕೋರ್ಟಿನ ಆದೇಶವಲ್ಲ. ತಾಯಿ ಸಹಿ ಹಾಕಿದ್ದರೂ ಕೋರ್ಟಿಗೆ ಹೋಗಬಹುದು. ಕೋರ್ಟು ಮಗುವಿನ ಹಿತ ನೋಡುತ್ತದೆ, ಕಾಗದವೇ ಕೊನೆಯ ಮಾತು ಅನ್ನುವುದಿಲ್ಲ. ಅಮ್ಮನ ಮನೆಯಲ್ಲಿರುವ ಮಗುವನ್ನು ಅಪ್ಪ ನೋಡಬಾರದು ಅಂತ ಬರೆಸಿಕೊಂಡ ಕಾಗದಕ್ಕೂ ಇದೇ ಗತಿ. ನಾರಾಯಣಯ್ಯನವರ ಕಾಗದ ಕಾಯಂ ಅಲ್ಲ ಅಂತ 1914ರಲ್ಲೇ ತೀರ್ಮಾನವಾಗಿದೆ.

ಹಿರಿಯರು ಕೂತು ಮಾತಾಡುವುದೇ ತಪ್ಪು ಅಂತ ನಾವು ಹೇಳುತ್ತಿಲ್ಲ. ಕುಟುಂಬ ನ್ಯಾಯಾಲಯವೂ ಮೊದಲು ಮಾಡುವುದು ಅದನ್ನೇ. ಆದರೆ ಒಡವೆ ಪಾತ್ರೆಯ ಪಟ್ಟಿಯಲ್ಲಿ ಮಗುವಿನ ಹೆಸರು ಬರಬಾರದು. "ಕೇಸು ವಾಪಸ್ ತಗೊ, ಮಗು ಕೊಡ್ತೀವಿ" ಅನ್ನುವುದು ಮಗುವನ್ನು ಒತ್ತೆ ಇಟ್ಟ ಹಾಗೆ.

ಕೋರ್ಟಿಗೆ ಹೋಗುವುದಾದರೆ ಮಗು ಸಾಮಾನ್ಯವಾಗಿ ವಾಸವಿರುವ ಕಡೆಯ ಕುಟುಂಬ ನ್ಯಾಯಾಲಯ ಅಥವಾ ಜಿಲ್ಲಾ ನ್ಯಾಯಾಲಯದಲ್ಲಿ ಅರ್ಜಿ ಹಾಕಬೇಕು. ಹೆಂಗಸರಿಗೆ ಮತ್ತು ಮಕ್ಕಳಿಗೆ ವರಮಾನ ಎಷ್ಟೇ ಇರಲಿ, ಸರ್ಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಬಹುದು, ಇಲ್ಲವೇ 15100ಕ್ಕೆ ಕರೆ ಮಾಡಬಹುದು. ಗಂಡಸರಿಗೆ ವರಮಾನದ ಮಿತಿ ಇದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಆ ಮಿತಿಯೂ ಇಲ್ಲ.

ಕೋರ್ಟಿನ ಆದೇಶ ಬರಲು ದಿನ ಹಿಡಿಯುತ್ತದೆ. ಅಷ್ಟರವರೆಗೆ ಮಗು ಕಾಯುತ್ತಾ ಕೂರಬೇಕಾಗಿಲ್ಲ. ಮಗು ಯಾರ ಮನೆಯಲ್ಲಿದೆಯೋ ಆ ಮನೆಯವರು ಇವತ್ತು ಸಂಜೆ ಇನ್ನೊಬ್ಬರಿಗೆ ಒಂದು ವಿಡಿಯೋ ಕರೆ ಮಾಡಿ, ಫೋನನ್ನು ಮಗುವಿನ ಕೈಗೆ ಕೊಡಬಹುದು. ಅದಕ್ಕೆ ಯಾವ ಅರ್ಜಿಯೂ ಬೇಕಿಲ್ಲ.